ನನ್ನ ಕಸಿ, ಅತ್ತೆಯ ಮಡಿ

ಹೋದ ವರ್ಷದ ಸಂಕ್ರಾಂತಿಯ ಸಂಜೆ ನಮ್ಮತ್ತೆ ಶಾಂತಮ್ಮನವರು ಮಲ್ಲೇಶ್ವರದ ತಂಗಿ ಮನೆಗೆ ಎಳ್ಳು ಬೀರಲು ಹೋಗಲಿಲ್ಲ. ಇದರಲ್ಲೇನು ಮಹಾ ವಿಷಯ ಅಂತ ನಿಮಗೆ ಅನ್ನಿಸಬಹುದು. ಆದರೆ ನಾನು ಈ ಶಂಕರಪುರದ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ, ಮಳೆ ಇರಲಿ, ಬಂದ್ ಇರಲಿ, ಸಂಕ್ರಾಂತಿಯ ದಿನ ಎಳ್ಳಿನ ಡಬ್ಬ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಹಿಡಿದು ಅತ್ತೆ ಆಟೋ ಹತ್ತಲೇಬೇಕು. ಮೊದಲ ಎಳ್ಳು ತಂಗಿ ಪದ್ಮನಿಗೆ, ಆಮೇಲೆ ಬೀದಿಯವರಿಗೆ. ಆ ಸಲ ಮಾತ್ರ ಡಬ್ಬ ನನ್ನ ಕೈಗೆ ಬಂತು.

"ಮಂಡಿ ನೋವು ಕಣೇ ವಸು. ನೀನೇ ಕೊಟ್ಬಾ" ಅಂದರು.

ಅತ್ತೆಯ ತಂಗಿಯನ್ನು ನಾನು ಚಿಕ್ಕತ್ತೆ ಅನ್ನುತ್ತೇನೆ. ಬಾಗಿಲು ತೆಗೆದವರೇ ಚಿಕ್ಕತ್ತೆ ನನ್ನ ಬೆನ್ನ ಹಿಂದೆ ನೋಡಿದರು. ಅಕ್ಕ ಇಲ್ಲದ್ದು ಕಂಡು ಮುಖ ಸಣ್ಣದಾಯಿತು.

"ಮಂಡಿ ನೋವು ನಂಗಿಲ್ವಾ? ಹೋದ ವರ್ಷ ಅವಳಿಗೆ ಇರ್ಲಿಲ್ವಾ?" ಅಂದರು. ಆಮೇಲೆ ತಾವೇ ಸಮಾಧಾನ ಮಾಡಿಕೊಂಡು, "ಮಾಘದ ಕೊನೇಲಿ ನನ್ನ ಮೊಮ್ಮಗಳು ಮೇಘನನ ಮದುವೆ. ಅಕ್ಕ ಆರತಿ ಹಾಡು ಹೇಳ್ದೆ ನಮ್ಮ ಕಡೆ ಒಂದು ಮದುವೆನೂ ಆಗಿಲ್ಲಮ್ಮ. ಅದಕ್ಕಾದ್ರೂ ಬರ್ತಾಳೆ ತಾನೆ?" ಅಂತ ಕೇಳಿದರು.

"ಬರದೆ ಇರ್ತಾರಾ ಚಿಕ್ಕತ್ತೆ? ಎತ್ಕೊಂಡಾದ್ರೂ ಕರ್ಕೊಂಡು ಬರ್ತೀನಿ" ಅಂತ ಜಂಬ ಕೊಚ್ಚಿ ಬಂದೆ.

ಮನೆಗೆ ಬಂದು ಹೇಳಿದರೆ ಅತ್ತೆ ದೀಪದ ಬತ್ತಿ ಹೊಸೆಯುತ್ತ, ತಲೆ ಎತ್ತದೆ, "ನಾನು ಮದುವೆಗೆ ಬರಲ್ಲ. ನೀವೆಲ್ಲ ಹೋಗ್ಬನ್ನಿ" ಅಂದುಬಿಟ್ಟರು.

ನನಗೆ ಸಿಟ್ಟು ಬೇಗ ಬರುತ್ತದೆ, ಬಾಯಿಯೂ ಸ್ವಲ್ಪ ಜೋರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ಮಾಡಿ ಆದದ್ದೋ, ಹುಟ್ಟಿನಿಂದ ಬಂದದ್ದೋ ಗೊತ್ತಿಲ್ಲ. "ಮಂಡಿಗೆ ಅಷ್ಟೊಂದು ಎಣ್ಣೆ ತಿಕ್ತೀನಿ, ಎಲ್ಲಿ ಹೋಗತ್ತೆ ಅದು?" ಅಂತ ರೇಗಿದೆ. ಅತ್ತೆ ನಕ್ಕು ಇನ್ನೊಂದು ಬತ್ತಿ ಹೊಸೆದರು. ಹಿಂದಿನ ಆಷಾಢದಿಂದಲೂ ಹೀಗೇ. ಗಾಂಧಿಬಜಾರಿಗೆ ಹೂವಿಗೆ ಹೋಗುವುದು ನಿಂತಿತ್ತು. ದೇವಸ್ಥಾನದ ಕಟ್ಟೆಯ ಮೇಲಿನ ಸಂಜೆಯ ಹರಟೆ ನಿಂತಿತ್ತು. ಎಲ್ಲಕ್ಕೂ ಮಂಡಿಯೇ ಕಾರಣ. ನನ್ನ ಯಜಮಾನರಂತೂ ಅಮ್ಮನ ಮಂಡಿಗೆ ಕಂಡ ಕಂಡ ಬೆಲ್ಟನ್ನೆಲ್ಲ ತಂದು ಗುಡ್ಡೆ ಹಾಕಿದ್ದರು.

ಈಗ ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೂದಲು ನೆರೆತ ಮೇಲೆ ನನಗೆ ಪಿಎಚ್‌ಡಿ ಮಾಡುವ ಹುಚ್ಚು ಹಿಡಿದಿತ್ತು. ವಿಷಯ, ಹತ್ತಿಯ ನೂಲಿಗೆ ಪಾಲಿಮರ್ ಕಸಿ ಮಾಡುವುದು. ಹತ್ತಿಯ ಎಳೆ ಅಂದರೆ ಸಕ್ಕರೆಯ ಜಾತಿಗೆ ಸೇರಿದ ಸಣ್ಣ ಸಣ್ಣ ತುಣುಕುಗಳು ಕೈ ಕೈ ಹಿಡಿದು ನಿಂತ ಉದ್ದನೆಯ ಸರಪಳಿ. ಒಂದು ಬಗೆಯ ಲೋಹದ ಉಪ್ಪಿನ ನೀರಲ್ಲಿ ಅದ್ದಿದರೆ ಆ ಸರಪಳಿಯ ಮೈಮೇಲೆ ಅಲ್ಲಲ್ಲಿ ಕಚ್ಚು ಬೀಳುತ್ತದೆ. ಕಚ್ಚು ಬಿದ್ದ ಕಡೆ ನಾವು ಹಾಕಿದ ಬೇರೆ ಪದಾರ್ಥದ ಕಣಗಳು ಬಂದು ಹಿಡಿದು, ಒಂದರ ಹಿಂದೊಂದು ಸೇರಿ ಕೊಂಬೆಯ ಹಾಗೆ ಬೆಳೆಯುತ್ತವೆ. ಬಣ್ಣ ಬಳಿದ ಹಾಗಲ್ಲ ಇದು, ಒಗೆದರೂ ಬಿಡುವುದಿಲ್ಲ. ನಾನು ಬೆಳೆಸುತ್ತಿದ್ದ ಕೊಂಬೆಗಳಿಗೆ ಬಾಯಾರಿಕೆ ಜಾಸ್ತಿ. ನೀರು ಕಂಡರೆ ಸಾಕು, ಕುಡಿದು ಊದಿಕೊಂಡುಬಿಡುತ್ತವೆ. ಗಾಯಕ್ಕೆ ಕಟ್ಟುವ ಬಟ್ಟೆಗೆ ಉಪಯೋಗವಾಗಬಹುದು ಅಂತ ನಮ್ಮ ಯೋಚನೆ.

ಅತ್ತೆಗೆ ಇದನ್ನು ಹೇಳುವಾಗ ಇಷ್ಟೆಲ್ಲ ಬಿಡಿಸಿರಲಿಲ್ಲ. "ಹತ್ತಿಗೆ ಕಸಿ ಕಟ್ತೀನಿ ಅತ್ತೆ" ಅಂದಿದ್ದೆ. ಅವರು ಮನಸಾರೆ ನಕ್ಕಿದ್ದರು. "ಮಾವಿಗೆ ಕಟ್ತಾರೆ, ಗುಲಾಬಿಗೆ ಕಟ್ತಾರೆ. ಬಟ್ಟೆಗೆ ಯಾರೇ ಕಸಿ ಕಟ್ತಾರೆ? ನಿಮ್ಮ ಮಾವ ಇದ್ದಿದ್ರೆ ಅಂಗಡಿ ಬಾಗಿಲಲ್ಲೇ ನಿಲ್ಲಿಸಿ ಬೈತಿದ್ರು." ಮಾವನವರದು ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಈಗ ಮಾವನವರೂ ಇಲ್ಲ, ಅಂಗಡಿಯೂ ಇಲ್ಲ. ಅಂಗಡಿಯ ಅಭ್ಯಾಸ ಮಾತ್ರ ಅತ್ತೆಗೆ ಉಳಿದಿದೆ. ಹತ್ತಿ ಅಲ್ಲದ, ರೇಷ್ಮೆ ಅಲ್ಲದ ಬಟ್ಟೆಗೆಲ್ಲ ಅವರ ಬಾಯಲ್ಲಿ ಒಂದೇ ಹೆಸರು, 'ಟೆರಿಕಾಟು'. ನನ್ನ ಚೂಡಿದಾರವೂ ಟೆರಿಕಾಟೇ, ಛತ್ರಿಯೂ ಟೆರಿಕಾಟೇ. ಬೆಳಗ್ಗೆ ಲಿಂಗಪೂಜೆಗೆ ಕೂರುವಾಗ ಟೆರಿಕಾಟು ಉಟ್ಟವರು ಅವರ ಹತ್ತಿರ ಸುಳಿಯುವ ಹಾಗಿಲ್ಲ. ಮಡಿಗೆ ಹತ್ತಿ. ಅದರಲ್ಲಿ ಮಾತೇ ಇಲ್ಲ.

ಸಂಕ್ರಾಂತಿ ಕಳೆದ ವಾರ, ವಿದ್ಯಾರ್ಥಿಗಳಿಗೆ ತೋರಿಸಲೆಂದು ಕಸಿ ಮಾಡಿದ ಒಂದು ತುಂಡು ಬಟ್ಟೆ ಮನೆಗೆ ತಂದು ಊಟದ ಮೇಜಿನ ಮೇಲೆ ಮರೆತೆ. ಒಣಗಿದಾಗ ಅದು ಗಂಜಿ ಹಾಕಿದ ಪಂಚೆಯ ಹಾಗೆ ಗರಿಗರಿಯಾಗಿ ಇರುತ್ತದೆ, ಅಷ್ಟೇ. ಅತ್ತೆಯ ಕೈ ತಗಲಿ ಮೇಜಿನ ಮೇಲಿದ್ದ ಚೊಂಬು ಉರುಳಿತು. ಅವರು ಎದುರಿಗೆ ಸಿಕ್ಕ ಬಟ್ಟೆಯನ್ನೇ ತೆಗೆದು ಒರೆಸಿದರು.

"ವಸೂ, ಬಾ ಇಲ್ಲಿ" ಅಂತ ಕರೆದರು. ಹೋಗಿ ನೋಡಿದರೆ ಮೇಜು ಒಣಗಿದೆ, ಬಟ್ಟೆ ಹಾಲುಬಾಯಿಯ ಹಾಗೆ ದಪ್ಪಗೆ ಊದಿ ಕೂತಿದೆ. ಅತ್ತೆ ಅದನ್ನು ಎರಡು ಕೈಯಲ್ಲಿ ಹಿಡಿದು ಹಿಂಡುತ್ತಿದ್ದಾರೆ, ಒಂದು ತೊಟ್ಟೂ ಬೀಳುತ್ತಿಲ್ಲ.

"ಏನೇ ಇದು, ನೀರು ಕುಡಿದು ಬಸುರಿಯಾಗಿದೆ?"

ಕೈ ತೊಳೆದುಕೊಳ್ಳಿ ಅಂತ ಅವರನ್ನು ಎಬ್ಬಿಸಿದೆ. ಆದರೆ ಒಳಗೊಳಗೆ ಖುಷಿಯೋ ಖುಷಿ. ಮನೆಯವರು ನನ್ನ ಕೆಲಸದ ಬಗ್ಗೆ ಮೊದಲ ಸಲ ಏನೋ ಕೇಳಿದ್ದರು. ಅವರೋ ಬಿಡದೆ ಕೇಳುತ್ತಲೇ ಹೋದರು. ಎಷ್ಟು ನೀರು ಹಿಡಿಯತ್ತೆ? ಒತ್ತಿದ್ರೆ ಸೋರತ್ತಾ? ಅದರ ಮೇಲೆ ಕೂತ್ರೆ? ವಾಸನೆ ನಿಲ್ಲತ್ತಾ? ಒಗೆದು ಮತ್ತೆ ಉಪಯೋಗಿಸ್ಬೋದಾ? ಯಾವ ಪರೀಕ್ಷಕರೂ ಇಷ್ಟು ಚೆನ್ನಾಗಿ ಕೇಳಲಾರರು. ನಾನು ಬೋರ್ಡಿನ ಮುಂದೆ ನಿಂತವಳ ಹಾಗೆ ಉತ್ತರ ಹೇಳಿದ್ದೇ ಹೇಳಿದ್ದು. ಆ ಪ್ರಶ್ನೆಗಳ ಹಿಂದೆ ಏನಿದೆ ಅಂತ ಈ ಮಂಡೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಆ ಭಾನುವಾರ. ಮೋಡ ಕವಿದಿತ್ತು, ಒಣಹಾಕಿದ ಬಟ್ಟೆ ತರಲು ತಾರಸಿಗೆ ಹೋದೆ. ಅತ್ತೆಯ ಸೀರೆ ಎಳೆದರೆ ಅದರ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ, ಹಳೆಯ ಸೀರೆಯ ತುಂಡುಗಳು ಸಾಲಾಗಿ ಒಣಗುತ್ತಿದ್ದವು. ನಾಲ್ಕು ಮಡಿಕೆ ಮಾಡಿ ಅಂಚು ಹೊಲಿದಂಥವು. ಅಂಥ ತುಂಡು ಯಾತಕ್ಕೆ ಅಂತ ನನ್ನ ವಯಸ್ಸಿನ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅತ್ತೆಗೆ ಆ ಕಾಲ ಮುಗಿದು ಎಷ್ಟೋ ವರ್ಷವಾಗಿದೆ. ಹಾಗಾದರೆ ಇದು ಬೇರೆ.

ಗಾಂಧಿಬಜಾರು, ದೇವಸ್ಥಾನದ ಕಟ್ಟೆ, ಎಳ್ಳಿನ ಡಬ್ಬ, ಎಲ್ಲವೂ ಒಟ್ಟಿಗೆ ನೆನಪಾಯಿತು. ಮಂಡಿ ಅಲ್ಲವೇ ಅಲ್ಲ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಒಂದೇ ಮನೆಯಲ್ಲಿ ಇದ್ದುಕೊಂಡು, ಬೆಳಗಾದರೆ ಅವರು ಕೊಟ್ಟ ಕಾಫಿ ಕುಡಿದು ಹೋಗುವ ನನಗೆ ಇದು ಗೊತ್ತಾಗಲಿಲ್ಲವಲ್ಲ. ಮಾತಿಗೆ ಮಾತ್ರ ಕಮ್ಮಿ ಇಲ್ಲ.

ಆ ಸಂಜೆ ಅತ್ತೆ ಮೊರದ ತುಂಬ ನೆನೆಸಿದ ಅವರೆಕಾಳು ಹಾಕಿಕೊಂಡು ಹಿತುಕುತ್ತ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತು ಹಿತುಕಲು ಶುರು ಮಾಡಿದೆ. ಕೈಗೆ ಕೆಲಸ ಇದ್ದರೆ ಮುಖ ನೋಡಬೇಕಾಗಿಲ್ಲ.

"ಎಷ್ಟು ದಿನದಿಂದ ಅತ್ತೆ?" ಅಂದೆ.

ಏನು ಅಂತ ಅವರು ಕೇಳಲಿಲ್ಲ. ಬೇಳೆ ಪಾತ್ರೆಗೆ ಟಪ್ ಟಪ್ ಅಂತ ಬೀಳುತ್ತಿತ್ತು.

"ಆಷಾಢದಿಂದ. ಕೆಮ್ಮಿದ್ರೆ, ನಕ್ಕಿದ್ರೆ, ಜೋರಾಗಿ ಎದ್ರೆ... ತಡೆಯಕ್ಕಾಗಲ್ಲ ಕಣೇ. ಹಾಡೋಕೆ ಉಸಿರು ಎಳೆದ್ರೂ ಆಗತ್ತೆ. ಅಷ್ಟು ಜನದ ಮುಂದೆ ಛತ್ರದ ಜಮಖಾನದ ಮೇಲೆ ಏನಾದ್ರೂ ಆದ್ರೆ? ಮದುವೆ ಮನೆ ಅದು. ಶಿವನೇ, ಆಮೇಲೆ ನಾನು ಪದ್ಮನ ಮುಖ ಹೇಗೆ ನೋಡ್ಲಿ?"

"ನಂಗೆ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನೀನು ಮಗಳಾಗಿದ್ರೂ ಹೇಳ್ತಿರ್ಲಿಲ್ಲ."

ಮಾರನೆಯ ದಿನವೇ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಒಳ್ಳೆಯವರು. ಇದು ಬಹಳ ಜನಕ್ಕೆ ಆಗುತ್ತದೆ, ನಾಚಿಕೆಪಡುವಂಥದ್ದೇನಿಲ್ಲ, ವ್ಯಾಯಾಮ ಇದೆ, ಮಾತ್ರೆ ಇದೆ, ಆದರೆ ಗುಣ ಕಾಣಲು ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ಅಂಗಡಿಯ ಪ್ಯಾಡ್ ಹಾಕಿಕೊಳ್ಳಿ ಅಂದರು. ಬರುವಾಗ ಒಂದು ಪ್ಯಾಕೆಟ್ ತಂದೆ. ಅತ್ತೆ ಒಂದನ್ನು ಬೆರಳ ತುದಿಯಲ್ಲಿ ಮುಟ್ಟಿದರು. ಅದು ಪರಪರ ಅಂತು.

"ಕೊರಳಲ್ಲಿ ಲಿಂಗ, ಸೊಂಟದಲ್ಲಿ ಟೆರಿಕಾಟು ಕಟ್ಕೊಂಡು ಹಸೆ ಮುಂದೆ ಕೂತು ಆರತಿ ಹಾಡಾ? ಬೇಡಮ್ಮ" ಅಂದು ಪ್ಯಾಕೆಟ್ಟನ್ನು ನನ್ನ ಕಡೆಗೇ ಸರಿಸಿದರು.

ಆಗ ನನ್ನ ತಲೆಗೆ ಬಂತು. "ನನ್ನ ಬಟ್ಟೆ ಇದ್ಯಲ್ಲ ಅತ್ತೆ? ಅವತ್ತು ಚೊಂಬಿನ ನೀರು ಕುಡೀತಲ್ಲ. ಅದು ಹತ್ತಿ." ಅತ್ತೆಯ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟೆಲ್ಲ ಪ್ರಶ್ನೆ ಕೇಳಿ ಅವರು ಇದೇ ಮಾತಿಗೆ ಕಾದಿದ್ದರು ಅಂತ ಆಗ ಗೊತ್ತಾಯಿತು.

ನಮ್ಮ ಗೈಡ್ ಮೇಡಂಗೆ ಎಲ್ಲ ಬಿಚ್ಚಿ ಹೇಳಿದೆ. ಅವರು, "ಮೈಗೆ ನೇರ ತಾಗೋ ಹಾಗೆ ಮಾಡ್ಬೇಡ. ಹಿಂದೆ ಮುಂದೆ ಹಳೇ ಹತ್ತಿ ಬಟ್ಟೆ ಇರ್ಲಿ, ಇದು ನಡುವೆ. ಹತ್ತಿಗೆ ಅಂಟದೆ ಉಳಿದಿದ್ದೆಲ್ಲ ಹೋಗೋವರೆಗೂ ತೊಳಿ. ಮೊದಲು ನೀನು ಹಾಕ್ಕೊಂಡು ನೋಡು, ಆಮೇಲೆ ಅವರಿಗೆ" ಅಂದರು. ಬಿಸಿನೀರಲ್ಲಿ ತೊಳೆದೆ, ತಣ್ಣೀರಲ್ಲಿ ತೊಳೆದೆ, ನನ್ನ ಉಗುರಿನ ಸಂದಿ ಬಿಳುಚುವವರೆಗೆ ತೊಳೆದೆ. ಒಂದು ಸಮಸ್ಯೆಯೂ ಎದುರಾಯಿತು. ಬರೀ ನೀರನ್ನು ಗಟಗಟ ಕುಡಿಯುವ ಬಟ್ಟೆ ಉಪ್ಪುನೀರು ಹಾಕಿದರೆ ಅರ್ಧಕ್ಕೇ ಸಾಕು ಅನ್ನುತ್ತಿತ್ತು. ನಮಗೆ ಬೇಕಾದದ್ದೋ ಉಪ್ಪುನೀರು ಹಿಡಿಯುವಂಥದ್ದು. ಕೊನೆಗೆ ಪದರಗಳನ್ನು ಹೆಚ್ಚಿಸಿ ಸರಿಮಾಡಿದೆ. ಮೊದಲ ಪ್ಯಾಡನ್ನು ನಾನೇ ಕಟ್ಟಿಕೊಂಡು ಕಾಲೇಜಿಗೆ ಹೋಗಿ ದಿನವಿಡೀ ಪಾಠ ಮಾಡಿ ಬಂದೆ. ತುರಿಕೆ ಇಲ್ಲ, ಗುಳ್ಳೆ ಇಲ್ಲ. "ಯಾಕ್ರೀ ಇವತ್ತು ಹೀಗೆ ನಡೀತಿದೀರಾ?" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದ್ದಕ್ಕೆ ಮಂಡಿ ನೋವು ಅಂದೆ.

ಇಷ್ಟೆಲ್ಲ ಮಾಡಿ ನನ್ನ ಬಾಯಿಂದಲೇ ಕೆಟ್ಟಿತು. ಬಟ್ಟೆಯನ್ನು ಅತ್ತೆಯ ಮಡಿಲಲ್ಲಿಟ್ಟು ಬೀಗುತ್ತಿದ್ದೆ. ಅವರು ಅದನ್ನು ಸವರುತ್ತ, "ಹತ್ತಿಗೆ ಏನು ಕಸಿ ಮಾಡಿದೀಯ?" ಅಂತ ಕೇಳಿದರು. ಕೇಳಿದ್ದಕ್ಕೆ 'ನೀರು ಕುಡಿಯುವಂಥದ್ದು' ಅಂದಿದ್ದರೆ ಸಾಕಿತ್ತು. ಪಾಠ ಹೇಳುವ ಚಟ ಬಿಡಬೇಕಲ್ಲ. "ಅಂಗಡಿ ಪ್ಯಾಡ್ ಒಳಗೆ ಇರತ್ತಲ್ಲ ಅತ್ತೆ, ಹೆಚ್ಚುಕಮ್ಮಿ ಅದೇ ಪದಾರ್ಥ" ಅಂದೆ.

ಅತ್ತೆಯ ಕೈ ನಿಂತಿತು.

"ಅಂದ್ರೆ ಇದೂ ಟೆರಿಕಾಟೇ."

"ಅಲ್ಲ ಅತ್ತೆ, ಅದು ಬೇರೆ, ಇದು..."

"ಹೆಚ್ಚುಕಮ್ಮಿ ಅದೇ ಅಂದ್ಯಲ್ಲ." ಬಟ್ಟೆಯನ್ನು ಮಡಚಿ ಮೆಲ್ಲಗೆ ಮೇಜಿನ ಮೇಲಿಟ್ಟರು. "ಬೇಜಾರು ಮಾಡ್ಕೋಬೇಡ ವಸು. ಇಷ್ಟು ವರ್ಷ ಮಡಿ ನಡೆಸ್ಕೊಂಡು ಬಂದಿದೀನಿ. ಮೈ ಕೈ ಕೊಟ್ಟಿದೆ ಅಂತ ಈಗ ಅದನ್ನೂ ಬಿಡ್ಲಾ?"

ನನ್ನ ನಾಲಿಗೆಯನ್ನು ಕಿತ್ತು ಬಿಸಾಕುವಷ್ಟು ಕೋಪ ಬಂತು. ಯಜಮಾನರ ಮುಂದೆ ಗೊಣಗಿದೆ. ವಿಷಯ ಏನು ಅಂತ ಅವರಿಗೆ ಪೂರ್ತಿ ಗೊತ್ತಿರಲಿಲ್ಲ, ಇನ್ನೊಂದು ಮಂಡಿ ಬೆಲ್ಟು ತರಲಾ ಅಂದರು.

ಮದುವೆಗೆ ವಾರವಿದೆ ಅನ್ನುವಾಗ ಚಿಕ್ಕತ್ತೆ ಕುಂಕುಮದ ಬಟ್ಟಲು, ಲಗ್ನಪತ್ರಿಕೆ ಹಿಡಿದು ತಾವೇ ಕರೆಯಲು ಬಂದರು. ಒಳಗೆ ಬಂದವರು ಕುರ್ಚಿಯ ತುದಿಯಲ್ಲಿ ಕೂತರು. ಅತ್ತೆ ಅವರಿಗಿಷ್ಟ ಅಂತ ಹಿತುಕಿದ ಬೇಳೆ ಹುಳಿ ಮಾಡಿದ್ದರು, ಊಟ ಮಾಡು ಅಂದರು. ಬೇಡ. ಕಾಫಿ? ಬೇಡ. ಒಂದು ಲೋಟ ನೀರು? ಅದೂ ಬೇಡ. "ಆಟೋ ಕಾಯ್ತಿದೆ" ಅಂದರು. ಅಕ್ಕನ ಮನೆಯಲ್ಲಿ ನೀರೂ ಮುಟ್ಟದಷ್ಟು ಸಿಟ್ಟು ಬಂದಿದೆ ಅಂತ ನಾನು ಅಂದುಕೊಂಡೆ.

"ಅಕ್ಕಾ, ನೇರ ಕೇಳ್ತೀನಿ. ನಿಂಗೆ ನನ್ನ ಮೇಲೆ ಏನು ಕೋಪ? ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೇಳಿಬಿಡು. ಎಳ್ಳಿಗೂ ಬರ್ಲಿಲ್ಲ. ಮಗುವಿನ ಮದುವೆಗೂ ಬರಲ್ಲ ಅಂದ್ರೆ ಜನ ಏನಂತಾರೆ? ಜನ ಹಾಳಾಗ್ಲಿ, ನಂಗೆ ಹೇಗಾಗತ್ತೆ?"

"ಕೋಪ ಏನಿಲ್ಲ ಪದ್ಮ. ಮಂಡಿ..."

"ಮಂಡಿ ಅನ್ಬೇಡ" ಅಂದು ಚಿಕ್ಕತ್ತೆ ಎದ್ದುಬಿಟ್ಟರು. ನನಗೆ ಕುಂಕುಮ ಕೊಟ್ಟು, ಅಕ್ಕನ ಕಾಲು ಮುಟ್ಟಿ, ಹಿಂತಿರುಗಿ ನೋಡದೆ ಹೋದರು. ಅತ್ತೆ ಬಾಗಿಲಲ್ಲಿ ನಿಂತೇ ಇದ್ದರು. ಹೇಳೋಣವೆಂದರೆ ನನ್ನ ಮಾತಲ್ಲ ಅದು, ಅವರ ಮಾತು. ಜೀವನದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮರುದಿನ ಬೆಳಗ್ಗೆ ಪೂಜೆಗೆ ಹೂ ಬಿಡಿಸಲು ಅತ್ತೆ ಅಂಗಳಕ್ಕೆ ಹೋದರು. ನಮ್ಮ ಅಂಗಳದಲ್ಲಿ ಮಾವನವರು ಲಾಲ್‌ಬಾಗಿನಿಂದ ತಂದು ನೆಟ್ಟ ಗುಲಾಬಿ ಗಿಡ ಇದೆ. ತಿಳಿಗೆಂಪು, ತಟ್ಟೆಯಷ್ಟು ಅಗಲದ ಹೂವು. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಏನಾಯಿತೋ ಅಂತ ಕಾಫಿ ಲೋಟ ಕೆಳಗಿಟ್ಟು ಓಡಿದೆ. ಅತ್ತೆ ಗಿಡದ ಮುಂದೆ ಬಗ್ಗಿ ಅದರ ಬುಡ ನೋಡುತ್ತಿದ್ದರು.

"ವಸು, ಇದು ಕಸಿ ಗಿಡ ಅಲ್ವೇನೇ?"

"ಹೌದತ್ತೆ."

"ಬುಡ ಯಾವುದೋ ಕಾಡು ಗುಲಾಬಿ. ಮೇಲಿನದು ಯಾವ ದೇಶದ್ದೋ ಏನೋ. ನಿಮ್ಮ ಮಾವ ತಂದಾಗಿಂದ ಇದರ ಹೂವನ್ನೇ ಶಿವನಿಗೆ ಏರಿಸ್ತಿದೀನಿ. ಕಸಿ ಹೂವು, ಬೇಡ ಅಂತ ಅವನು ಒಂದು ದಿನಾನೂ ಅಂದಿಲ್ಲ."

ಅವರು ನನ್ನ ಕಡೆ ತಿರುಗಿದರು.

"ನಿನ್ನ ಬಟ್ಟೆ ಬುಡ ಹತ್ತೀದೇ ತಾನೆ?"

"ಹತ್ತೀದೇ ಅತ್ತೆ."

"ಮೇಲಿಂದ ಬಳಿದಿದ್ದಲ್ಲ ತಾನೆ? ಅಂಟಿಸಿದ್ದಲ್ಲ?"

"ಅಲ್ಲ ಅತ್ತೆ. ಹತ್ತೀಲೇ ಹುಟ್ಟಿ ಬೆಳೆದಿದ್ದು."

ಅತ್ತೆ ಹೂ ಬಿಡಿಸಿ ಬುಟ್ಟಿಗೆ ಹಾಕಿಕೊಂಡು ಸೊಂಟ ನೆಟ್ಟಗೆ ಮಾಡಿದರು. "ಹಾಗಾದ್ರೆ ಹೊಲಿ" ಅಂದರು.

ಬಳಿದದ್ದಕ್ಕೂ ಬೆಳೆದದ್ದಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ತಿಳಿಸಲು ನಾನು ಎಷ್ಟು ಸೀಮೆಸುಣ್ಣ ಸವೆಸಿದ್ದೇನೋ ಲೆಕ್ಕವಿಲ್ಲ. ಇರಲಿ. ಅತ್ತೆ ಪೂಜೆ ಮುಗಿಸಿ ಬೀರು ತೆಗೆದು ಒಂದು ಪಂಚೆ ತಂದರು. ಮಾವನವರದು. ಒಗೆದು ಒಗೆದು ಬೆಣ್ಣೆಯ ಹಾಗಾಗಿತ್ತು.

"ಹೊರಗಿನ ಪದರಕ್ಕೆ ಇದನ್ನ ಹಾಕು. ಮೆತ್ತಗಿದೆ."

"ಮಾವನವರ ಪಂಚೆ ಕತ್ತರಿಸೋದಾ ಅತ್ತೆ?" ನನಗೆ ಕತ್ತರಿ ಆಡಿಸಲು ಮನಸ್ಸಾಗಲಿಲ್ಲ.

"ಕತ್ತರಿಸು. ಇದ್ದಾಗ ಒಂದು ಮದುವೆಗೂ ನನ್ನ ಜೊತೆ ಬಂದೋರಲ್ಲ. ಯಾವಾಗ ಕರೆದ್ರೂ ಅಂಗಡಿ, ಅಂಗಡಿ. ಈಗಾದ್ರೂ ಬರ್ಲಿ."

ಅಂದವರೇ ತಮ್ಮ ಮಾತಿಗೆ ತಾವೇ ಬಿದ್ದು ಬಿದ್ದು ನಕ್ಕರು. ನಗು ಹೆಚ್ಚಾಗಿ, ಏನಾಗಬೇಕಿತ್ತೋ ಅದು ಆಗಿ, "ಅಯ್ಯೋ ಶಿವನೇ" ಅನ್ನುತ್ತ ಬಚ್ಚಲಿಗೆ ಓಡಿದರು. ಓಡುತ್ತಲೂ ನಗುತ್ತಿದ್ದರು. ನಾನು ಹೊಲಿಗೆ ಮಷೀನಿನ ಮುಂದೆ ಕೂತು ನಕ್ಕೆನೋ ಅತ್ತುಬಿಟ್ಟೆನೋ ಗೊತ್ತಿಲ್ಲ.

ಮದುವೆಯ ದಿನ ಮಲ್ಲೇಶ್ವರದ ಛತ್ರದ ಬಾಗಿಲಲ್ಲಿ ಚಿಕ್ಕತ್ತೆ ಪನ್ನೀರು ಚಿಮುಕಿಸುತ್ತ ನಿಂತಿದ್ದರು. ಕಾರಿನಿಂದ ಮೊದಲು ನಾನಿಳಿದೆ. ಚಿಕ್ಕತ್ತೆ ಎಳ್ಳಿನ ದಿನದ ಹಾಗೇ ನನ್ನ ಬೆನ್ನ ಹಿಂದೆ ನೋಡಿದರು. ಈ ಸಲ ಅಕ್ಕ ಇದ್ದರು, ಮೊಳಕಾಲ್ಮೂರು ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿ. ಚಿಕ್ಕತ್ತೆ ಪನ್ನೀರುದಾನಿಯನ್ನು ಯಾರದೋ ಕೈಗೆ ತುರುಕಿ ಬಂದು ಅಕ್ಕನ ಕೈ ಹಿಡಿದುಕೊಂಡರು.

ಧಾರೆ ಮುಗಿದು ಆರತಿಯ ಹೊತ್ತಾಯಿತು. ಹಸೆಯ ಮುಂದೆ ಜಮಖಾನ ಹಾಸಿ ಹೆಂಗಸರೆಲ್ಲ ಕೂತರು. ಅತ್ತೆ ಒಂದು ಕ್ಷಣ ಆ ಜಮಖಾನವನ್ನು ನೋಡಿದರು, ನನ್ನನ್ನು ನೋಡಿದರು, ನಿಧಾನಕ್ಕೆ ಕೂತರು. ನಾನು ಅವರ ಬೆನ್ನಿಗೆ ಅಂಟಿದ ಹಾಗೆ ಕೂತೆ. ತೊಡೆಯ ಮೇಲೆ ಒಂದು ಶಾಲು ಇಟ್ಟುಕೊಂಡಿದ್ದೆ, ಎಲ್ಲಿಯಾದರೂ ಏನಾದರೂ ಆದರೆ ಹೊದಿಸಿ ಎಬ್ಬಿಸಿಕೊಂಡು ಹೋಗಲು. ಪಿಎಚ್‌ಡಿಯ ಯಾವ ಪ್ರಯೋಗಕ್ಕೂ ನನ್ನ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

ಅತ್ತೆ ಉಸಿರೆಳೆದು ಹಾಡು ಎತ್ತಿಕೊಂಡರು. ಮೊದಲ ಸಾಲಿನಲ್ಲಿ ದನಿ ನಡುಗಿತು, ಎರಡನೆಯದರಲ್ಲಿ ಸರಿಹೋಯಿತು. ತಿಂಗಳುಗಟ್ಟಲೆ ಮನೆಯಲ್ಲಿ ಮುಚ್ಚಿಟ್ಟ ಗಂಟಲು ಅದು. ಛತ್ರದ ಗಲಾಟೆಯೆಲ್ಲ ನಿಂತಿತು. ಊಟದ ಮನೆಯವರು ಸಹ ಬಾಗಿಲಿಗೆ ಬಂದು ನಿಂತರು. ಅಷ್ಟರಲ್ಲಿ ಆರತಿಯ ಹೊಗೆ ನೇರ ಇವರ ಮುಖಕ್ಕೇ ಬರಬೇಕೇ? ಕೆಮ್ಮು ಬಂತು. ಒಂದಲ್ಲ, ಬಿಡದೆ ಬಂತು. ಹಾಡು ನಿಂತಿತು. ಅತ್ತೆಯ ಕುತ್ತಿಗೆ ಸೆಟೆದದ್ದು ನನಗೆ ಹಿಂದಿನಿಂದಲೇ ಕಂಡಿತು. ನಾನು ಶಾಲು ಬಿಚ್ಚಿದೆ.

ಅವರು ಕತ್ತು ತಿರುಗಿಸಿ ನನ್ನನ್ನು ನೋಡಿದರು. ಹ್ಞೂಂ, ಬಟ್ಟೆ ಹಿಡಿದಿದೆ ಅನ್ನುವ ಹಾಗೆ ಸ್ವಲ್ಪ ತಲೆಯಾಡಿಸಿದರು. ಮತ್ತೆ ಮುಂದೆ ತಿರುಗಿ, ಬಿಟ್ಟ ಜಾಗದಿಂದ ಹಾಡು ಎತ್ತಿಕೊಂಡು ಕೊನೆಯವರೆಗೂ ಹಾಡಿದರು. ಎದ್ದು ನಿಂತಾಗ ನಾನು ಮೊದಲು ನೋಡಿದ್ದು ಮದುಮಗಳನ್ನಲ್ಲ, ಜಮಖಾನವನ್ನು. ಕೈಯಾಡಿಸಿಯೂ ನೋಡಿದೆ. ಒಣಗಿತ್ತು. ಸೀರೆಯ ಮೇಲೂ ಏನೂ ಇಲ್ಲ.

"ನೋಡಿದ್ಯಾ?" ಅಂತ ಅತ್ತೆ ಪಿಸುಗುಟ್ಟಿದರು.

"ನೋಡ್ದೆ. ಏನೂ ಇಲ್ಲ."

"ಅವರು ಬಂದಿದ್ದು ಒಳ್ಳೇದಾಯ್ತು" ಅಂದರು. ಮಾವನವರ ಬಗ್ಗೆ ಅಂದದ್ದು ಅದು. ನಾನು ಶಾಲನ್ನು ಮುಖಕ್ಕೆ ಒತ್ತಿಕೊಂಡೆ.

ಊಟಕ್ಕೆ ಮುಂಚೆ ಚಿಕ್ಕತ್ತೆ ನಮ್ಮಿಬ್ಬರನ್ನೂ ಸಾಮಾನಿನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. "ಈಗ ಹೇಳಕ್ಕ. ಅಷ್ಟು ದಿನ ಯಾಕೆ ಹಾಗಿದ್ದೆ?"

ಅತ್ತೆ ಹೇಳಿದರು. ಸುತ್ತುಬಳಸಿ ಏನಿಲ್ಲ, ಆಷಾಢದಿಂದ ಇವತ್ತಿನ ಕೆಮ್ಮಿನವರೆಗೆ ಎಲ್ಲ ಹೇಳಿದರು. ಕಸಿ ಬಟ್ಟೆಯ ವಿಷಯವನ್ನೂ ಹೇಳಿದರು. ಚಿಕ್ಕತ್ತೆ ಕೇಳುತ್ತ ಕೇಳುತ್ತ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟರು. ಆಮೇಲೆ ನಗಲು ಶುರು ಮಾಡಿದರು, ಕಣ್ಣಲ್ಲಿ ನೀರು ಬರುವವರೆಗೂ. ತಂಗಿ ತಮಾಷೆ ಮಾಡುತ್ತಿದ್ದಾಳೆ ಅಂತ ಅತ್ತೆಯ ಮುಖ ಬಾಡಿತು.

"ಅಯ್ಯೋ ಅಕ್ಕಾ. ಅವತ್ತು ನಿಮ್ಮನೇಲಿ ನಾನು ಒಂದು ತೊಟ್ಟು ನೀರೂ ಯಾಕೆ ಕುಡೀಲಿಲ್ಲ ಅಂದ್ಕೊಂಡೆ?"

"ಸಿಟ್ಟು ಅಂದ್ಕೊಂಡೆ. ಆಟೋ ಬೇರೆ ಕಾಯ್ತಿದೆ ಅಂದ್ಯಲ್ಲ."

"ಸಿಟ್ಟೂ ಇಲ್ಲ, ಆಟೋನೂ ಇರ್ಲಿಲ್ಲ. ನೀರು ಕುಡಿದ್ರೆ ಮಲ್ಲೇಶ್ವರ ಮುಟ್ಟೋದು ಹೇಗೆ ಅಂತ ಹೆದರಿಕೆ ಇತ್ತು. ನಂಗೂ ಅದೇ ಕಣಕ್ಕಾ, ದೀಪಾವಳಿಯಿಂದ."

ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡಿದರು. ಒಬ್ಬರು ಶಂಕರಪುರದಲ್ಲಿ, ಒಬ್ಬರು ಮಲ್ಲೇಶ್ವರದಲ್ಲಿ, ಇಬ್ಬರೂ ಮಂಡಿಯ ಮೇಲೆ ಹಾಕಿ ಕೂತಿದ್ದರು. ಚಿಕ್ಕತ್ತೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, "ವಸು, ನಂಗೂ ಒಂದು ಹೊಲ್ದು ಕೊಡ್ತೀಯೇನಮ್ಮ?" ಅಂದರು.

ನಾನು ಬಾಯಿ ತೆರೆಯುವ ಮುಂಚೆ ಅತ್ತೆಯೇ ಉತ್ತರ ಕೊಟ್ಟರು. "ಕೊಡ್ತಾಳೆ. ನಿಮ್ಮ ಯಜಮಾನ್ರ ಹಳೇ ಪಂಚೆ ತಂದ್ಕೊಡು."

"ಅವರದನ್ನ ಅವರಿನ್ನೂ ಉಟ್ಕೊಂಡಿದಾರಲ್ಲಕ್ಕಾ" ಅಂದರು ಚಿಕ್ಕತ್ತೆ. ಹೊರಗೆ ಊಟಕ್ಕೆ ಎಲೆ ಹಾಕುತ್ತಿದ್ದವರಿಗೆ ನಮ್ಮ ನಗು ಕೇಳಿಸಿರಬೇಕು, ಯಾರೋ ಬಾಗಿಲು ತಟ್ಟಿದರು.

ಆಮೇಲೆ ನನ್ನ ಪಿಎಚ್‌ಡಿ ಮುಗಿಯಿತು. ಡಾಕ್ಟರು ಕೊಟ್ಟ ವ್ಯಾಯಾಮದಿಂದ ಅತ್ತೆಗೂ ಎಷ್ಟೋ ಗುಣವಾಗಿದೆ. ಹೊರಗೆ ಹೋಗುವಾಗ ಧೈರ್ಯಕ್ಕೆ ಇರಲಿ ಅಂತ ಮಾತ್ರ ಕಟ್ಟಿಕೊಳ್ಳುತ್ತಾರೆ. ಬೋರಿನ ಗಡಸು ನೀರಿನಲ್ಲಿ ಒಗೆದರೆ ಬಟ್ಟೆಯ ಬಾಯಾರಿಕೆ ಕಮ್ಮಿಯಾಗುತ್ತದೆ ಅಂತ ನಾನು ಹೇಳಿದ್ದಕ್ಕೆ, ಕಾವೇರಿ ನೀರು ಬರುವ ದಿನ ಮೊದಲು ತುಂಬುವ ಬಕೆಟ್ ಅದಕ್ಕೇ ಮೀಸಲು. ಪೂಜೆಯ ಮಡಿಗೂ ಅದೇ ಬಕೆಟ್. ಒಗೆದ ಮೇಲೆ ಈಗ ಸೀರೆಯ ಅಡಿಯಲ್ಲಿ ಬಚ್ಚಿಡುವುದಿಲ್ಲ. ತಾರಸಿಯಲ್ಲಿ ನನ್ನ ಟೆರಿಕಾಟು ದುಪಟ್ಟಾಗಳ ಪಕ್ಕದಲ್ಲೇ ಬಿಸಿಲಿಗೆ ಒಣಗುತ್ತವೆ, ಆದರೆ ತಾಗದ ಹಾಗೆ, ನಡುವೆ ಒಂದು ಗೇಣು ಜಾಗ ಬಿಟ್ಟು.

ಈ ವರ್ಷದ ಸಂಕ್ರಾಂತಿಗೆ ಎಳ್ಳಿನ ಡಬ್ಬದ ಜೊತೆ ಇನ್ನೊಂದು ಪೊಟ್ಟಣ ಹಿಡಿದು ಅತ್ತೆ ಆಟೋ ಹತ್ತಿದರು. ನಾನು ಬರಲಾ ಅಂದರೆ ಬೇಡ ಅಂದರು. ಆಟೋ ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದೆ. ಯಾಕೋ ಆ ದಿನ ನನ್ನ ಮೇಲೆ ನನಗೇ ಪ್ರೀತಿ ಬಂತು, ಅತ್ತೆಯ ಮೇಲಂತೂ ಹೇಳತೀರದಷ್ಟು. ಈಗ ಯಾರಾದರೂ ದೊಡ್ಡವರು ಮಂಡಿ ನೋವು ಅಂತ ಮದುವೆ ಮುಂಜಿ ತಪ್ಪಿಸಿಕೊಂಡರೆ ನಾನು ರೇಗುವುದಿಲ್ಲ. ಪಕ್ಕದಲ್ಲಿ ಹೋಗಿ ಕೂರುತ್ತೇನೆ, ಅವರ ಕೈಯಲ್ಲಿರುವ ಕೆಲಸಕ್ಕೆ ನಾನೂ ಕೈ ಹಾಕುತ್ತೇನೆ, ಅವರೇ ಮಾತು ತೆಗೆಯುವವರೆಗೂ ಸುಮ್ಮನಿರುತ್ತೇನೆ. ನನ್ನಂಥ ಬಾಯಿಬಡುಕಿಗೆ ಅದೇ ಎಲ್ಲಕ್ಕಿಂತ ಕಷ್ಟದ ಪ್ರಯೋಗ.